ವೈದ್ಯ, ಕವಿ, ದಂಡನಾಯಕ: ಅಂಗೋಲದ ಅಗೊಸ್ಟಿನ್ಯೊ ನೆಟೊ

ಯುರೋಪಿನಿಂದ ಹಡಗು ಹತ್ತಿ ಬಂದವರನ್ನು ನಮ್ಮ ಹಿರಿಯರು ಪರಂಗಿಗಳೆಂದು ಕರೆದರು. ಅವರು ತಂದ ದೊಡ್ಡ ತೋಪನ್ನು ಫಿರಂಗಿಯೆಂದು ಕರೆದರು. ಎರಡು ಮಾತುಗಳೂ ಒಂದೇ ಬೇರಿನಿಂದ ಹುಟ್ಟಿದವು. ನಮ್ಮ ಕರಾವಳಿಗೆ ಹೀಗೆ ಮೊದಲು ಬಂದವರು ಪೋರ್ಚುಗೀಸರು. ಕಾರವಾರದ ಪಕ್ಕದ ಗೋವೆಯನ್ನು ಅವರು 1510ರಲ್ಲಿ ಹಿಡಿದು 1961ರ ವರೆಗೆ ಬಿಡಲಿಲ್ಲ. ಅದೇ ಪೋರ್ಚುಗೀಸರು ಆಫ್ರಿಕಾದ ಪಶ್ಚಿಮ ಕಡಲ ತೀರದಲ್ಲಿ 1576ರಲ್ಲಿ ಲುವಾಂಡ ಎಂಬ ಪಟ್ಟಣವನ್ನು ಕಟ್ಟಿದರು. ಅದರ ರೇವಿನಿಂದ ಲಕ್ಷಾಂತರ ಮನುಷ್ಯರನ್ನು ಸರಪಣಿಯಲ್ಲಿ ಬಿಗಿದು ಬ್ರೆಜಿಲಿಗೆ ಸಾಗಿಸಿದರು. ಸುಮಾರು ನಾಲ್ಕು ನೂರು ವರ್ಷಗಳ ಮೇಲೆ, 1975ರ ನವೆಂಬರ್ 11ರ ನಡುರಾತ್ರಿಯಲ್ಲಿ, ಆ ನಾಡು ಸ್ವತಂತ್ರವಾಯಿತು. ಅದರ ಹಿಂದಿನ ಹಗಲು ಪಟ್ಟಣದ ಉತ್ತರಕ್ಕೆ ಕೆಲವೇ ಮೈಲಿಗಳ ಆಚೆ ಫಿರಂಗಿಗಳು ಗರ್ಜಿಸಿದ್ದವು. ಆ ರಾತ್ರಿ ಜನರ ಮುಂದೆ ನಿಂತು ಸ್ವಾತಂತ್ರ್ಯವನ್ನು ಸಾರಿದವರು ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಕವಿಗಳು. ಅವರೇ ಡಾಕ್ಟರ್ ಅಗೊಸ್ಟಿನ್ಯೊ ನೆಟೊ. ಅವರ ಜೀವನದಲ್ಲಿ ಪೂಜಿಸಲು ಯೋಗ್ಯವಾದುದೂ ಉಂಟು, ತಲೆ ತಗ್ಗಿಸುವಂಥದೂ ಉಂಟು. ಎರಡನ್ನೂ ಮರೆಮಾಚದೆ ಹೇಳುವುದು ಈ ಲೇಖನದ ಉದ್ದೇಶ.

ನೆಟೊ ಅವರು ಹುಟ್ಟಿದುದು 1922ರ ಸೆಪ್ಟೆಂಬರ್ 17ರಂದು, ಲುವಾಂಡದ ಆಗ್ನೇಯಕ್ಕಿರುವ ಇಕೊಲೊ ಇ ಬೆಂಗೊ ಸೀಮೆಯ ಕಾಶಿಕಾನೆ ಎಂಬ ಹಳ್ಳಿಯಲ್ಲಿ. ತಂದೆ ಮೆಥಡಿಸ್ಟ್ ಪಂಗಡದ ಪಾದ್ರಿ. ತಾಯಿ ಶಾಲೆಯ ಉಪಾಧ್ಯಾಯಿನಿ. ಆ ಸೀಮೆ ಹತ್ತಿಗೆ ಹೆಸರಾದುದು. ಆದರೆ ಅಲ್ಲಿನ ರೈತನು ತನ್ನ ಇಷ್ಟದಿಂದ ಹತ್ತಿ ಬೆಳೆಯುತ್ತಿರಲಿಲ್ಲ. ಸರ್ಕಾರ ಹೇಳಿದಷ್ಟು ನೆಲದಲ್ಲಿ ಬೆಳೆದು, ಸರ್ಕಾರ ಒಪ್ಪಿದ ಕಂಪನಿಗೆ, ಅದು ಕೊಟ್ಟ ಬೆಲೆಗೆ ಮಾರಬೇಕಾಗಿತ್ತು. ಹೊಟ್ಟೆಗೆ ಬೇಕಾದ ಕಾಳು ಬೆಳೆಯಲು ನೆಲವೂ ಸಮಯವೂ ಸಾಲದೆ ಜನ ಬಳಲುತ್ತಿದ್ದರು. ಇನ್ನು ಕಾನೂನಿನ ಮಾತು ಕೇಳಿದರೆ ಆಶ್ಚರ್ಯವಾಗುತ್ತದೆ. ಪೋರ್ಚುಗೀಸ್ ಆಡಳಿತ ಕರಿಯ ಜನರನ್ನು ಎರಡು ವರ್ಗ ಮಾಡಿತ್ತು. ಪೋರ್ಚುಗೀಸ್ ಭಾಷೆ, ಉಡಿಗೆ, ನಡೆನುಡಿ ಕಲಿತು ಅಧಿಕಾರಿಗಳ ಪರೀಕ್ಷೆಯಲ್ಲಿ ಗೆದ್ದವನು ನಾಗರಿಕ. ಉಳಿದವರೆಲ್ಲ ಮೂಲನಿವಾಸಿಗಳು, ಬಿಟ್ಟಿ ದುಡಿಮೆಗೆ ಒಳಪಟ್ಟವರು. 1950ರ ಸುಮಾರಿಗೆ ಹೀಗೆ ನಾಗರಿಕರೆನಿಸಿಕೊಂಡ ಕರಿಯರು ನೂರಕ್ಕೆ ಒಬ್ಬರೂ ಇರಲಿಲ್ಲ. ನಾಲ್ಕು ಶತಮಾನ ಆಳಿದ ಬಳಿಕದ ಫಲ ಇದು.

ಇಂಥ ನಾಡಿನಲ್ಲಿ ಕರಿಯ ಬಾಲಕನೊಬ್ಬನು ಲುವಾಂಡದ ಸರ್ಕಾರಿ ಪ್ರೌಢಶಾಲೆಯನ್ನು ಮುಗಿಸುವುದೇ ವಿರಳ. ನೆಟೊ 1944ರಲ್ಲಿ ಅದನ್ನು ಮುಗಿಸಿದರು; ಮೂರು ವರ್ಷ ಆರೋಗ್ಯ ಇಲಾಖೆಯಲ್ಲಿ ನೌಕರಿ ಮಾಡಿದರು; 1947ರಲ್ಲಿ ವೈದ್ಯಶಾಸ್ತ್ರ ಓದಲು ಪೋರ್ಚುಗಲ್ಲಿನ ಕೊಯಿಂಬ್ರ ವಿಶ್ವವಿದ್ಯಾನಿಲಯಕ್ಕೆ ಹೊರಟರು. ಅಂಗೋಲದಲ್ಲಿ ಆಗ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಓದಬೇಕೆಂದರೆ ಕಡಲು ದಾಟಬೇಕು, ಆಳುವವನ ಮನೆಗೇ ಹೋಗಬೇಕು.

ವಸಾಹತುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಲಿಸ್ಬನ್ನಿನಲ್ಲಿ ಸರ್ಕಾರವೇ ಒಂದು ಭವನವನ್ನು ಏರ್ಪಡಿಸಿತ್ತು. ಅವರನ್ನು ನಿಷ್ಠಾವಂತ ಪ್ರಜೆಗಳನ್ನಾಗಿ ಮಾಡುವುದು ಅದರ ಉದ್ದೇಶ. ಆದರೆ ಒಂದೇ ಸೂರಿನಡಿ ಸೇರಿದ ಅಂಗೋಲ, ಗಿನಿ, ಕೇಪ್ ವರ್ಡ್, ಮೊಜಾಂಬಿಕ್‌ಗಳ ಯುವಕರು ತಮ್ಮ ತಮ್ಮ ಊರಿನ ಕಷ್ಟಗಳನ್ನು ಹೋಲಿಸಿ ನೋಡಿದರು. ಎಲ್ಲರ ಕಥೆಯೂ ಒಂದೇ ಎಂಬುದು ಅವರಿಗೆ ಮನದಟ್ಟಾಯಿತು. ಬೇಸಾಯ ವಿಜ್ಞಾನ ಓದುತ್ತಿದ್ದ ಅಮಿಲ್ಕಾರ್ ಕಬ್ರಾಲ್, ಸಾಹಿತ್ಯದ ವಿದ್ಯಾರ್ಥಿ ಮಾರಿಯೊ ದ ಆಂದ್ರಾಡೆ ಇವರೊಡನೆ ನೆಟೊ ಆಫ್ರಿಕಾದ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು 1951ರಲ್ಲಿ ಕಟ್ಟಿದರು. ತಮ್ಮ ನಾಡಿನ ಚರಿತ್ರೆಯನ್ನು ಯಾವ ಪಠ್ಯಪುಸ್ತಕವೂ ಕಲಿಸದೆ ಇದ್ದುದರಿಂದ ಅವರು ಅದನ್ನು ತಾವೇ ಹುಡುಕಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳಬೇಕಾಯಿತು.

ನೆಟೊ ಕವಿತೆ ಬರೆಯತೊಡಗಿದುದೂ ಈ ಕಾಲದಲ್ಲೇ. ಅವರ ಮನೆಮಾತು ಕಿಂಬುಂಡು. ಬರೆದುದು ಆಳುವವರ ಮಾತಾದ ಪೋರ್ಚುಗೀಸಿನಲ್ಲಿ. ವಸ್ತುವೆಲ್ಲ ತಮ್ಮ ನೆಲದ್ದು: ಗುತ್ತಿಗೆಯ ದುಡಿಮೆಗೆ ಹೊರೆ ಹೊತ್ತು ಸಾಲಾಗಿ ನಡೆಯುವ ಆಳುಗಳು, ಬಿಸಿಲಲ್ಲಿ ಕಿತ್ತಳೆ ಮಾರುವ ಹೆಂಗಸು, ಏರಿನಲ್ಲಿ ಏದುಸಿರು ಬಿಡುವ ರೈಲು, ಮಗನನ್ನು ಬೀಳ್ಕೊಡುವ ತಾಯಿ. ಈ ಕವಿತೆಗಳಲ್ಲಿ ರೋಷಕ್ಕಿಂತ ಹೆಚ್ಚಾಗಿ ಕಾಣುವುದು ನಿರೀಕ್ಷೆ. 1974ರಲ್ಲಿ ಪ್ರಕಟವಾದ ಅವರ ಮುಖ್ಯ ಸಂಗ್ರಹದ ಹೆಸರೂ ಪವಿತ್ರವಾದ ಆಶೆ ಎಂಬ ಅರ್ಥವನ್ನೇ ಕೊಡುತ್ತದೆ.

ಸಲಜಾರನ ಸರ್ವಾಧಿಕಾರದಲ್ಲಿ ಕವಿತೆಯೂ ಅಪರಾಧ, ಶಾಂತಿಯೂ ಅಪರಾಧ. ಅಣುಬಾಂಬಿನ ವಿರುದ್ಧವಾಗಿ ಲೋಕದಲ್ಲೆಲ್ಲ ನಡೆಯುತ್ತಿದ್ದ ಸಹಿ ಸಂಗ್ರಹದಲ್ಲಿ ಪಾಲುಗೊಂಡುದಕ್ಕಾಗಿ ನೆಟೊ ಅವರನ್ನು 1951ರಲ್ಲಿ ಮೊದಲ ಬಾರಿ ಬಂಧಿಸಿದರು. 1955ರ ಫೆಬ್ರವರಿಯಲ್ಲಿ ಮತ್ತೆ ಹಿಡಿದು 1957ರ ವರೆಗೆ ಸೆರೆಯಲ್ಲಿಟ್ಟರು. ಫ್ರಾನ್ಸಿನ ಸಾರ್ತ್ರ್, ಕ್ಯೂಬದ ನಿಕೊಲಾಸ್ ಗಿಯೆನ್, ಮೆಕ್ಸಿಕೊದ ಚಿತ್ರಕಾರ ಡಿಯೆಗೊ ರಿವೆರ ಮೊದಲಾದವರು ಅವರ ಬಿಡುಗಡೆಗಾಗಿ ದನಿಗೂಡಿಸಿದರು. ಸೆರೆಮನೆಯಿಂದ ಬಂದವರು ಬಿಟ್ಟ ಓದನ್ನು ಮುಂದುವರಿಸಿ 1958ರಲ್ಲಿ ವೈದ್ಯರಾದರು. ಅದೇ ವರ್ಷ ಮರಿಯ ಯುಜೀನಿಯ ಎಂಬ ಪೋರ್ಚುಗೀಸ್ ತರುಣಿಯನ್ನು ಮದುವೆಯಾದರು. ಆಳುವ ವ್ಯವಸ್ಥೆಯ ಮೇಲೆ ಅವರಿಗಿದ್ದ ಹಗೆ ಬಿಳಿಯ ಬಣ್ಣದ ಮೇಲಿನ ಹಗೆಯಾಗಿರಲಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1959ರ ಕೊನೆಯಲ್ಲಿ ಅವರು ಲುವಾಂಡಕ್ಕೆ ಹಿಂದಿರುಗಿ ಚಿಕಿತ್ಸಾಲಯ ತೆರೆದರು. ಹಗಲು ರೋಗಿಗಳ ಶುಶ್ರೂಷೆ. ಮರೆಯಲ್ಲಿ 1956ರಲ್ಲಿ ಹುಟ್ಟಿದ್ದ ಎಂ.ಪಿ.ಎಲ್.ಎ. ಎಂಬ ವಿಮೋಚನಾ ಪಕ್ಷದ ಕೆಲಸ. ಆರು ತಿಂಗಳು ಕಳೆಯುವುದರೊಳಗೆ, 1960ರ ಜೂನ್ 8ರಂದು, ಪೊಲೀಸರು ಅವರನ್ನು ಹಿಡಿದೊಯ್ದರು.

ಮುಂದೆ ನಡೆದುದನ್ನು ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಸುಲಭವಾಗಿ ಮರೆಯಲಾರರು. ಸುದ್ದಿ ಕೇಳಿದೊಡನೆ ಅವರ ಹುಟ್ಟೂರಿನ ಸೀಮೆಯ ಹತ್ತಿ ಬೆಳೆಯುವ ರೈತರೂ ಅವರಿಂದ ಚಿಕಿತ್ಸೆ ಪಡೆದವರೂ ಗುಂಪುಗೂಡಿ ತಮ್ಮ ಡಾಕ್ಟರನ್ನು ಬಿಡಿರೆಂದು ಕೇಳಲು ಹೊರಟರು. ಅವರ ಕೈಯಲ್ಲಿ ಆಯುಧವಿರಲಿಲ್ಲ. ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಸುಮಾರು ಮೂವತ್ತು ಮಂದಿ ಸತ್ತರು. ಇನ್ನೂರು ಮಂದಿಗೆ ಗಾಯವಾಯಿತು. ಓದಲು ಬಾರದವರು ಓದಿದವನೊಬ್ಬನಿಗಾಗಿ ಎದೆಯೊಡ್ಡಿದ್ದರು. ಕಲಿತವನು ತನ್ನ ಊರಿಗೆ ಏನು ಋಣಿ ಎಂಬ ಪ್ರಶ್ನೆ ಎಲ್ಲ ಕಾಲದಲ್ಲೂ ಇರತಕ್ಕದ್ದೇ. ನೆಟೊ ಅವರ ಪಾಲಿಗೆ ಆ ಋಣದ ಲೆಕ್ಕ ಮೂವತ್ತು ಹೆಣಗಳಿಂದ ಆರಂಭವಾಯಿತು.

ಸರ್ಕಾರ ಅವರನ್ನು ಮೊದಲು ಕೇಪ್ ವರ್ಡ್ ದ್ವೀಪಗಳಿಗೆ ಗಡೀಪಾರು ಮಾಡಿತು. ಅನಂತರ ಲಿಸ್ಬನ್ನಿನ ಆಲ್ಜೂಬೆ ಸೆರೆಮನೆಗೆ ತಂದಿತು. ಇತ್ತ 1961ರ ಫೆಬ್ರವರಿ 4ರಂದು ಲುವಾಂಡದ ಬಡ ಕೇರಿಗಳ ಜನ ಮಚ್ಚುಗಳನ್ನು ಹಿಡಿದು ಸೆರೆಮನೆಯ ಮೇಲೆ ನುಗ್ಗಿದರು. ಮಾರ್ಚ್ ತಿಂಗಳಲ್ಲಿ ಉತ್ತರದ ಕಾಫಿ ತೋಟಗಳಲ್ಲಿ ದಂಗೆಯೆದ್ದಿತು. ಬಿಳಿಯ ವಸತಿಗಾರರ ಕೊಲೆಗಳೂ ಅದಕ್ಕೆ ಪ್ರತಿಯಾಗಿ ಇನ್ನೂ ಘೋರವಾದ ಸರ್ಕಾರಿ ಕೊಲೆಗಳೂ ನಡೆದವು. ಅದೇ ವರ್ಷ ಮೇ 28ರಂದು ಪೀಟರ್ ಬೆನೆನ್ಸನ್ ಎಂಬ ಇಂಗ್ಲಿಷ್ ವಕೀಲರು ಲೋಕವು ಮರೆತ ಸೆರೆಯಾಳುಗಳನ್ನು ಕುರಿತು ಲಂಡನ್ನಿನ ಅಬ್ಸರ್ವರ್ ಪತ್ರಿಕೆಯಲ್ಲಿ ಲೇಖನ ಬರೆದರು. ಅದರಲ್ಲಿ ಹೆಸರಿಸಿದ ಕೆಲವೇ ಸೆರೆಯಾಳುಗಳಲ್ಲಿ ನೆಟೊ ಒಬ್ಬರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹುಟ್ಟಿದುದು ಆ ಲೇಖನದಿಂದಲೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

1962ರಲ್ಲಿ ಸೆರೆಮನೆಯಿಂದ ಹೊರಗೆ ಬಿಟ್ಟು ಕಾವಲಿನಲ್ಲಿಟ್ಟಿದ್ದಾಗ ನೆಟೊ ಹೆಂಡತಿ ಮಕ್ಕಳೊಡನೆ ಚಿಕ್ಕ ದೋಣಿಯೊಂದರಲ್ಲಿ ಪೋರ್ಚುಗಲ್ಲಿನಿಂದ ತಪ್ಪಿಸಿಕೊಂಡು ಮೊರಾಕೊ ಸೇರಿದರು. ಆ ವರ್ಷದ ಡಿಸೆಂಬರಿನಲ್ಲಿ ಪಕ್ಷದ ಅಧ್ಯಕ್ಷರಾದರು. ಅಲ್ಲಿಂದ ಹನ್ನೆರಡು ವರ್ಷ ಅವರದು ಅಲೆದಾಟದ ಬಾಳು. ಮೊದಲು ನೆಲೆನಿಂತ ಕಾಂಗೋದ ಸರ್ಕಾರ ಅವರ ಪ್ರತಿಸ್ಪರ್ಧಿಯಾದ ಹೋಲ್ಡನ್ ರಾಬರ್ಟೊನ ಎಫ್.ಎನ್.ಎಲ್.ಎ. ಪಕ್ಷವನ್ನು ಮನ್ನಿಸಿ ಇವರನ್ನು ಹೊರದೂಡಿತು. ನೆರೆಯ ಬ್ರಾಜವಿಲ್ ಆಶ್ರಯ ಕೊಟ್ಟಿತು. 1965ರ ಜನವರಿಯಲ್ಲಿ ಚೆ ಗೆವಾರ ಅಲ್ಲಿಗೆ ಬಂದು ಅವರನ್ನು ಕಂಡರು. ಕ್ಯೂಬದ ನೆರವು ಬೆಳೆದುದು ಆ ಭೇಟಿಯಿಂದ. 1966ರಲ್ಲಿ ಜಾಂಬಿಯದ ಗಡಿಯಿಂದ ಅಂಗೋಲದ ಪೂರ್ವ ಭಾಗದಲ್ಲಿ ಹೊಸ ರಣರಂಗ ತೆರೆಯಿತು. ನೆಟೊ ಹುಟ್ಟು ಯೋಧರಲ್ಲ. ಮಿತಭಾಷಿ, ಸಂಕೋಚದ ಸ್ವಭಾವ, ಸುಲಭವಾಗಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವರು. ಆದರೆ ಹಿಡಿದುದನ್ನು ಬಿಡದ ಹಟವಿತ್ತು. ಆ ಹಟದಿಂದ ಪಕ್ಷ ಬದುಕಿತು. ಆ ಹಟದಿಂದಲೇ ಹಳೆಯ ಸಂಗಾತಿಗಳು ಒಬ್ಬೊಬ್ಬರಾಗಿ ದೂರವಾದರು. ಸ್ಥಾಪಕರಲ್ಲೊಬ್ಬರಾದ ವಿರಿಯಾಟೊ ದ ಕ್ರೂಜ್ ಹೊರಬಿದ್ದರು; 1974ರ ಹೊತ್ತಿಗೆ ಆಂದ್ರಾಡೆಯಂಥ ಗೆಳೆಯರೂ ಎದುರು ನಿಂತರು.

1974ರ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಯುದ್ಧದಿಂದ ಬೇಸತ್ತ ಸೈನ್ಯಾಧಿಕಾರಿಗಳೇ ಸರ್ವಾಧಿಕಾರವನ್ನು ಉರುಳಿಸಿದರು. ವಸಾಹತುಗಳಿಗೆ ಬಿಡುಗಡೆ ಖಂಡಿತವಾಯಿತು. ಎಂ.ಪಿ.ಎಲ್.ಎ., ಎಫ್.ಎನ್.ಎಲ್.ಎ., ಜೊನಾಸ್ ಸವಿಂಬಿಯ ಯೂನಿಟ ಈ ಮೂರು ಪಕ್ಷಗಳೂ ಸೇರಿ ನಾಡನ್ನು ನಡೆಸಬೇಕೆಂದು 1975ರ ಜನವರಿಯಲ್ಲಿ ಆಲ್ವೊರ್ ಎಂಬಲ್ಲಿ ಒಪ್ಪಂದವಾಯಿತು. ನವೆಂಬರ್ 11 ಸ್ವಾತಂತ್ರ್ಯದ ದಿನವೆಂದು ಗೊತ್ತಾಯಿತು. ಆದರೆ ಮೂವರ ಕೈಯಲ್ಲೂ ಬಂದೂಕಿತ್ತು. ಮೂವರ ಹಿಂದೆಯೂ ಹೊರಗಿನ ಶಕ್ತಿಗಳಿದ್ದವು. ಜುಲೈ ತಿಂಗಳಿಗೆ ರಾಜಧಾನಿಯ ಬೀದಿಗಳಲ್ಲೇ ಕಾಳಗವಾಗಿ ಲುವಾಂಡ ನೆಟೊ ಅವರ ಪಕ್ಷದ ಕೈಸೇರಿತು. ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಸೈನ್ಯ ದಕ್ಷಿಣದಿಂದ ನುಗ್ಗಿತು. ಉತ್ತರದಿಂದ ರಾಬರ್ಟೊನ ದಂಡು, ಝೈರ್ ದೇಶದ ಎರಡು ಬೆಟಾಲಿಯನ್ನುಗಳು, ಹಿಂದೆ ಪೋರ್ಚುಗೀಸ್ ಸೇನೆಯಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಯೋಧರು ಕೂಡಿ ಇಳಿದುಬಂದರು. ನವೆಂಬರ್ 11ರೊಳಗೆ ಲುವಾಂಡವನ್ನು ಹಿಡಿಯುವುದು ಅವರ ಸಂಕಲ್ಪ.

ನೆಟೊ ಅವರ ಕಡೆ ಇದ್ದ ಸೇನೆಯ ಹೆಸರು ಫಾಪ್ಲ. ಕಾಡಿನಲ್ಲಿ ಅಡಗಿ ಹೊಡೆಯುವ ಗೆರಿಲ್ಲಾ ತಂಡಗಳಿಂದ ಬೆಳೆದ ದಂಡು ಅದು. ಒಂದು ದೇಶವನ್ನು ಕಾಯಬೇಕಾದರೆ ಅಡಗುವ ಯುದ್ಧ ಸಾಲದು. ನೆಲದ ಮೇಲೆ ನಿಂತು ತಡೆಯಬೇಕು. ಅದಕ್ಕೆ ಬ್ರಿಗೇಡುಗಳು ಬೇಕು, ಫಿರಂಗಿದಳ ಬೇಕು. ಹಾಗೆ ಕ್ರಮಬದ್ಧವಾಗಿ ಕಟ್ಟಿದ ಒಂಬತ್ತನೆಯ ಬ್ರಿಗೇಡು ಲುವಾಂಡದ ಉತ್ತರಕ್ಕೆ ಕಿಫಾಂಗೊಂಡೊ ಎಂಬಲ್ಲಿ ಕ್ಯೂಬದವರ ಜೊತೆಗೂಡಿ ದಿನ್ನೆಗಳ ಮೇಲೆ ನೆಲೆನಿಂತಿತು. ಪಟ್ಟಣಕ್ಕೆ ಕುಡಿಯುವ ನೀರು ಬರುತ್ತಿದ್ದುದು ಅಲ್ಲಿಂದಲೇ. ಮುಂದೆ ಬೆಂಗೊ ನದಿ. ಅದರ ಆಚೆ ಜವುಗಿನ ನಡುವೆ ಹಾದುಬರುವ ಒಂದೇ ಕಿರಿದಾದ ರಸ್ತೆ. ಬರುವವರಿಗೆ ಎಡಬಲಕ್ಕೆ ಸರಿಯಲು ಜಾಗವಿಲ್ಲ.

ನವೆಂಬರ್ 10ರ ಬೆಳಿಗ್ಗೆ ದಕ್ಷಿಣ ಆಫ್ರಿಕದ ವಿಮಾನಗಳು ಬಾಂಬು ಹಾಕಿದವು, ಹೆಚ್ಚು ಹಾನಿಯಾಗಲಿಲ್ಲ. ಅವರ 140 ಮಿಲಿಮೀಟರ್ ತೋಪುಗಳೂ ದೂರದ ಗುಡ್ಡದಿಂದ ಗುಂಡು ಹಾರಿಸಿದವು. ಝೈರಿನವರು ತಂದಿದ್ದ ಎರಡು 130 ಮಿಲಿಮೀಟರ್ ತೋಪುಗಳಲ್ಲಿ ಒಂದು ಮೊದಲ ಗುಂಡಿಗೇ ಸಿಡಿದು ನಡೆಸುತ್ತಿದ್ದವರನ್ನೇ ಕೊಂದಿತು. ಆದರೂ ಕವಚದ ಗಾಡಿಗಳು ಮುಂದಾಗಿ, ಕಾಲಾಳುಗಳು ಹಿಂದಾಗಿ, ರಾಬರ್ಟೊನ ದಂಡು ಆ ಇಕ್ಕಟ್ಟಿನ ರಸ್ತೆಯಲ್ಲಿ ಹೊರಟಿತು. ಕಾವಲಿನವರು ಅದು ಹತ್ತಿರ ಬರುವ ತನಕ ಕಾದರು. ಮೊದಲು ಸಣ್ಣ ತೋಪುಗಳು ಮುಂದಿನ ಗಾಡಿಗಳನ್ನು ಹೊಡೆದು ದಾರಿಯನ್ನು ಕಟ್ಟಿದವು. ಅನಂತರ ಕ್ಯೂಬದ ಫಿರಂಗಿದಳದವರು ರಷ್ಯದ ಬಿ.ಎಂ. 21 ಎಂಬ ರಾಕೆಟ್ ಯಂತ್ರಗಳಿಗೆ ಕೈಹಚ್ಚಿದರು. ಲಾರಿಯ ಬೆನ್ನಿಗೆ ನಲವತ್ತು ಕೊಳವೆಗಳನ್ನು ಬಿಗಿದ ಯಂತ್ರ ಅದು. 122 ಮಿಲಿಮೀಟರಿನ ನಲವತ್ತು ರಾಕೆಟ್ಟುಗಳು ಇಪ್ಪತ್ತೇ ಸೆಕೆಂಡುಗಳಲ್ಲಿ ಹಾರುತ್ತವೆ. ಇಪ್ಪತ್ತು ಕಿಲೊಮೀಟರಿನಷ್ಟು ದೂರ ಮುಟ್ಟುತ್ತವೆ. ಒಂದೇ ಗುರಿಗೆ ಹೊಡೆಯುವುದು ಅದರ ಕೆಲಸವಲ್ಲ; ಒಂದು ಹರಹಿನಲ್ಲಿರುವುದನ್ನೆಲ್ಲ ಒಮ್ಮೆಗೇ ಬಡಿಯುವುದು ಅದರ ಬಗೆ. ತೆರೆದ ರಸ್ತೆಯಲ್ಲಿ ಸಿಕ್ಕಿಕೊಂಡ ದಂಡು ಚೆಲ್ಲಾಪಿಲ್ಲಿಯಾಯಿತು. ಬದುಕಿದವರು ಆ ದಾರಿಗೆ ಸಾವಿನ ದಾರಿಯೆಂದು ಹೆಸರಿಟ್ಟರು. ರಾಬರ್ಟೊನ ಪಕ್ಷ ಆ ಪೆಟ್ಟಿನಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ. ದಕ್ಷಿಣ ಆಫ್ರಿಕದ ಫಿರಂಗಿಯವರನ್ನು ಅದೇ ತಿಂಗಳ ಕೊನೆಯಲ್ಲಿ ಯುದ್ಧನೌಕೆಯೊಂದು ಗುಟ್ಟಾಗಿ ಕಡಲ ತೀರದಿಂದ ಎತ್ತಿಕೊಂಡು ಹೋಯಿತು.

ಅದೇ ದಿನ ಪೋರ್ಚುಗಲ್ಲಿನ ಕೊನೆಯ ಹೈಕಮಿಷನರ್ ಯಾವ ಪಕ್ಷಕ್ಕೂ ಅಧಿಕಾರ ಕೊಡದೆ, ಅಂಗೋಲದ ಜನತೆಗೆ ಒಪ್ಪಿಸಿದೆನೆಂದು ಹೇಳಿ, ಬಾವುಟ ಇಳಿಸಿಕೊಂಡು ಹಡಗು ಹತ್ತಿದರು. ನಡುರಾತ್ರಿ ನೆಟೊ ಗಣರಾಜ್ಯವನ್ನು ಸಾರಿ ಮೊದಲ ರಾಷ್ಟ್ರಪತಿಯಾದರು. ಫಾಪ್ಲ ರಾಷ್ಟ್ರದ ಸೇನೆಯಾಯಿತು, ಅವರು ಅದರ ಪರಮೋಚ್ಚ ದಂಡನಾಯಕರಾದರು. ದಕ್ಷಿಣದಿಂದ ಬಂದ ಸೈನ್ಯವನ್ನು ಕ್ಯೂಬದ ಸಹಾಯದಿಂದ ತಡೆದರು; 1976ರ ಮಾರ್ಚ್ 27ರಂದು ಅದು ಗಡಿ ದಾಟಿ ಹಿಂದಿರುಗಿತು.

ಗೆದ್ದ ನಾಡು ಬರಿದಾಗಿತ್ತು. ಸುಮಾರು ಮೂರು ಲಕ್ಷ ಪೋರ್ಚುಗೀಸರು ತಿಂಗಳುಗಳೊಳಗೆ ನಾಡು ಬಿಟ್ಟಿದ್ದರು. ವೈದ್ಯರು, ಉಪಾಧ್ಯಾಯರು, ಯಂತ್ರ ನಡೆಸುವವರು, ಲಾರಿ ಓಡಿಸುವವರು ಕೂಡ ಅವರಲ್ಲೇ ಹೆಚ್ಚು. ಜನರಲ್ಲಿ ಬಹುಪಾಲು ಅಕ್ಷರ ಬಾರದವರು. ಸ್ವಾತಂತ್ರ್ಯ ಬಂದ ತಿಂಗಳೊಳಗೆ ಲೇಖಕರ ಸಂಘ ಹುಟ್ಟಿತು. 1976ರಲ್ಲಿ ಸಾಕ್ಷರತೆಯ ಆಂದೋಲನ ಮೊದಲಾಯಿತು. ಫಿರಂಗಿಯ ಹೊಗೆ ಆರುವ ಮುನ್ನವೇ ಅಕ್ಷರದ ಮಾತೆತ್ತಿದುದು ನೆಟೊ ಅವರ ಹಿರಿಮೆ.

ಇಲ್ಲಿಗೇ ಕಥೆಯನ್ನು ನಿಲ್ಲಿಸಬಹುದಾಗಿದ್ದರೆ ಬರೆಯುವವನಿಗೂ ಸುಖ, ಓದುವವರಿಗೂ ಸುಖ. ಆದರೆ 1977ರ ಮೇ 27 ನಡುವೆ ನಿಂತಿದೆ. ಹಿಂದೆ ಗೃಹಮಂತ್ರಿಯಾಗಿದ್ದ ನೀಟೊ ಆಲ್ವೆಸ್ ಎಂಬ ತರುಣ ನಾಯಕನನ್ನು ಪಕ್ಷ ಹೊರಹಾಕಿತ್ತು. ಲುವಾಂಡದ ಬಡ ಕೇರಿಗಳಲ್ಲೂ ಸೈನ್ಯದಲ್ಲೂ ಅವನಿಗೆ ಅನುಯಾಯಿಗಳಿದ್ದರು. ಆ ದಿನ ಬೆಳಿಗ್ಗೆ ಅವರು ಸೆರೆಮನೆಯನ್ನೂ ರೇಡಿಯೊ ನಿಲಯವನ್ನೂ ಹಿಡಿದರು. ಪಕ್ಷದ ಕೆಲವು ಹಿರಿಯರನ್ನು ಕೊಂದರು. ಕ್ಯೂಬದ ಸೈನಿಕರ ನೆರವಿನಿಂದ ಸರ್ಕಾರ ಒಂದೇ ದಿನದಲ್ಲಿ ದಂಗೆಯನ್ನು ಅಡಗಿಸಿತು. ಅಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ವಿಚಾರಣೆಗೆಂದು ಕಾಲ ಕಳೆಯಲಾಗದೆಂದು ನೆಟೊ ಬಹಿರಂಗವಾಗಿಯೇ ಸಾರಿದರು. ಗುಪ್ತ ಪೊಲೀಸರು ತಿಂಗಳುಗಟ್ಟಲೆ ಮನೆಮನೆಯಿಂದ ಜನರನ್ನು ಎಳೆದೊಯ್ದರು. ದಂಗೆಯಲ್ಲಿದ್ದವರು, ಇದ್ದಾರೆಂದು ಸಂಶಯಪಟ್ಟವರು, ವಿದ್ಯಾರ್ಥಿಗಳು, ಸೈನಿಕರು, ಯಾರೋ ಹೆಸರು ಹೇಳಿದವರು, ಹೀಗೆ ಸತ್ತವರು ಕೆಲವು ಸಾವಿರವೆಂದು ಕೆಲವರ ಲೆಕ್ಕ, ಹತ್ತಾರು ಸಾವಿರವೆಂದು ಬೇರೆಯವರ ಲೆಕ್ಕ. ಹೆಣಗಳು ಮನೆಗೆ ಬರಲಿಲ್ಲ.

ವಿಚಾರಣೆಯಿಲ್ಲದ ಸೆರೆಯ ರುಚಿ ತಾವೇ ಕಂಡವರು ನೆಟೊ. ಲೋಕದ ಯಾವುದೋ ಮೂಲೆಯ ಜನ ಅವರ ಬಿಡುಗಡೆಗಾಗಿ ಕಾಗದ ಬರೆದಿದ್ದರು. ಅವರ ಹೆಸರಿನೊಡನೆ ಹುಟ್ಟಿದ ಆಮ್ನೆಸ್ಟಿಯಂಥ ಸಂಸ್ಥೆ ಯಾರ ಪರವಾಗಿ ಮಾತನಾಡುತ್ತದೆಯೋ ಅಂಥವರನ್ನೇ ಅವರ ಆಳ್ವಿಕೆ ಸಾವಿರಗಟ್ಟಲೆ ಸೃಷ್ಟಿಸಿತು. ಯುದ್ಧ ಸುತ್ತುವರಿದಿತ್ತು, ಶತ್ರುಗಳು ಗಡಿಯಲ್ಲಿದ್ದರು, ಸುತ್ತಲಿನವರಲ್ಲಿ ಯಾರನ್ನು ನಂಬುವುದೆಂದು ತಿಳಿಯದಾಗಿತ್ತು ಎಂದು ಕಾರಣ ಹೇಳಬಹುದು. ಕಾರಣ ಹೇಳುವುದು ಬೇರೆ, ಸರಿಯೆನ್ನುವುದು ಬೇರೆ. ಶತ್ರುವಿನ ದಂಡನ್ನು ತೆರೆದ ಬಯಲಿನಲ್ಲಿ ತಡೆದ ಶಕ್ತಿಯೇ ನ್ಯಾಯಸ್ಥಾನವಿಲ್ಲದೆ ಊರೊಳಗೆ ತಿರುಗಿದರೆ ಅದು ಯಾರನ್ನೂ ಕಾಯುವುದಿಲ್ಲ.

ಕೊನೆಯ ದಿನಗಳಲ್ಲಿ ನೆಟೊ ಕೆಲವು ಬಾಗಿಲುಗಳನ್ನು ತೆರೆಯತೊಡಗಿದ್ದರು. ತಮ್ಮ ಮೇಲೆ ದಂಡು ಕಳುಹಿಸಿದ್ದ ಝೈರಿನ ಮೊಬುಟುವನ್ನು 1978ರಲ್ಲಿ ಕಂಡು ಸಂಧಾನ ಮಾಡಿಕೊಂಡರು. 1979ರಲ್ಲಿ ಆ ಗುಪ್ತ ಪೊಲೀಸ್ ಇಲಾಖೆಯನ್ನು ವಿಸರ್ಜಿಸಿದರು. ಆದರೆ ಆಯುಷ್ಯ ಮುಗಿದಿತ್ತು. ಅರ್ಬುದ ರೋಗದ ಚಿಕಿತ್ಸೆಗೆಂದು ಮಾಸ್ಕೋಗೆ ಹೋದವರು 1979ರ ಸೆಪ್ಟೆಂಬರ್ 10ರಂದು, ಐವತ್ತೇಳು ತುಂಬಲು ಒಂದು ವಾರವಿರುವಾಗ, ಅಲ್ಲಿಯೇ ತೀರಿಕೊಂಡರು. ಅವರು ಬಿಟ್ಟುಹೋದ ಅಂತರ್ಯುದ್ಧ ನಿಂತುದು 2002ರಲ್ಲಿ.

ಅಂಗೋಲದಲ್ಲಿ ಸೆಪ್ಟೆಂಬರ್ 17 ರಾಷ್ಟ್ರವೀರನ ದಿನ. ಲುವಾಂಡದಲ್ಲಿ ಮುಗಿಲಿಗೆ ಚಾಚಿದ ಸ್ಮಾರಕವಿದೆ. 2012ರಲ್ಲಿ ಅದು ಪೂರ್ಣವಾಯಿತು. ವಿಶ್ವವಿದ್ಯಾನಿಲಯವೇ ಇಲ್ಲದ ನಾಡಿನಿಂದ ಕಡಲು ದಾಟಿ ಓದಲು ಹೋದವನ ಹೆಸರು ಇಂದು ಆ ನಾಡಿನ ಒಂದು ವಿಶ್ವವಿದ್ಯಾನಿಲಯಕ್ಕಿದೆ. ಇನ್ನೊಂದು ಕಡೆ, 2021ರ ಮೇ ತಿಂಗಳಲ್ಲಿ, ರಾಷ್ಟ್ರಪತಿ ಜೊವಾವ್ ಲೊರೆನ್ಸೊ ಅವರು 1977ರಲ್ಲಿ ನಡೆದ ಕೊಲೆಗಳಿಗಾಗಿ ರಾಜ್ಯದ ಪರವಾಗಿ ಕ್ಷಮೆ ಬೇಡಿದರು. ತಂದೆ ಸತ್ತನೆಂಬ ಪತ್ರವೂ ಇಲ್ಲದೆ ಮುದುಕರಾದ ಮಕ್ಕಳಿಗೆ ನಲವತ್ತನಾಲ್ಕು ವರ್ಷಗಳ ಮೇಲೆ ಮರಣಪತ್ರಗಳು ದೊರೆಯತೊಡಗಿದವು.

ಮಹಾಪುರುಷರ ಚರಿತ್ರೆಯನ್ನು ಓದುವಾಗ ಒಂದೋ ಪೂರ್ತಿ ಕೈಮುಗಿಯಬೇಕು, ಇಲ್ಲವೇ ಪೂರ್ತಿ ತಿರಸ್ಕರಿಸಬೇಕು ಎಂಬ ಅಭ್ಯಾಸ ನಮ್ಮಲ್ಲಿ ಉಂಟು. ನೆಟೊ ಅವರ ವಿಷಯದಲ್ಲಿ ಎರಡೂ ಸಾಧ್ಯವಿಲ್ಲ. ಅವರಿಲ್ಲದೆ ಕಿಫಾಂಗೊಂಡೊದ ದಿನ್ನೆಯ ಮೇಲೆ ನಿಲ್ಲಲು ಒಂದು ಪಕ್ಷವಾಗಲಿ ಸೇನೆಯಾಗಲಿ ಉಳಿದಿರುತ್ತಿತ್ತೇ ಎಂಬುದು ಸಂದೇಹ. 1960ರಲ್ಲಿ ತಮ್ಮ ಡಾಕ್ಟರಿಗಾಗಿ ಗುಂಡಿಗೆ ಎದೆಯೊಡ್ಡಿದ ರೈತರು ತಪ್ಪು ಮನುಷ್ಯನನ್ನು ನಂಬಿದರೆಂದು ನಾನು ಹೇಳಲಾರೆ. ಆದರೆ 1977ರಲ್ಲಿ ಸೆರೆಮನೆಯ ಬಾಗಿಲಲ್ಲಿ ಮಗನ ಹೆಸರು ಹಿಡಿದು ಕೇಳುತ್ತ ನಿಂತ ತಾಯಂದಿರಿಗೆ ಆ ರೈತರ ನಂಬಿಕೆಯನ್ನು ಉತ್ತರವಾಗಿ ಕೊಡಲೂ ಬರುವುದಿಲ್ಲ. ಅಂಗೋಲದವರು ಸ್ಮಾರಕವನ್ನು ಕೆಡವದೆ ಕ್ಷಮೆಯನ್ನೂ ಕೇಳಿದ್ದಾರೆ. ಅವರ ಚರಿತ್ರೆಯನ್ನು ಓದುವ ನಾವೂ ಆ ಎರಡು ಗುಂಪುಗಳನ್ನು ಒಟ್ಟಿಗೇ ನೆನೆಯಬೇಕು.